ಕೊಂಡವನಿಗೇ ಬೀಗ

ಅಂಗಡಿಯಲ್ಲಿ ಪಾತ್ರೆ ಕೊಂಡರೆ ಅದನ್ನು ಯಾವ ಒಲೆಯ ಮೇಲಿಡಬೇಕೆಂದು ಅಂಗಡಿಯವನು ಹೇಳುವುದಿಲ್ಲ. ಸೌದೆ ಒಲೆ ಹೋಗಿ ಗ್ಯಾಸ್ ಬಂದರೂ ಪಾತ್ರೆ ನಮ್ಮದೇ. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಸಿನಿಮಾಕ್ಕೆ ಮಾತ್ರ ಈ ನ್ಯಾಯ ಇಲ್ಲ. ಪರದೆಯ ಮೇಲೆ ‘ಬಾಡಿಗೆ’, ‘ಖರೀದಿ’ ಎಂದು ಎರಡು ಗುಂಡಿಗಳಿರುತ್ತವೆ. ಖರೀದಿಗೆ ಬೆಲೆ ಜಾಸ್ತಿ. ಆದರೆ ಆ ಹೆಚ್ಚಿನ ಹಣಕ್ಕೆ ಸಿಗುವುದು ಕೊನೆಯ ದಿನಾಂಕ ಹೇಳದ ಇನ್ನೊಂದು ಬಾಡಿಗೆ, ಅಷ್ಟೇ.

ಬೀಗದ ಕೆಲಸ ಸರಳ. ಕಡತವನ್ನು ಗೂಢಲಿಪಿಗೆ ತಿರುಗಿಸಿರುತ್ತಾರೆ. ಬಿಡಿಸುವ ಕೀಲಿ ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ. ಮಾರಿದವರು ಒಪ್ಪಿದ ಆ್ಯಪ್‌ಗೆ ಮಾತ್ರ ಅದು ಸಿಗುತ್ತದೆ. ಆಪಲ್‌ನ ಐಟ್ಯೂನ್ಸ್‌ನಲ್ಲಿ ಕೊಂಡ ಸಿನಿಮಾ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡದು. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶ ಬಳಸಿ ಬೇರೆ ಫಾರ್ಮ್ಯಾಟಿಗೆ ಬದಲಿಸೋಣವೆಂದರೆ ಅದೂ ಆಗದು. ಇಂಥ ಬೀಗಕ್ಕೆ ಅವರು ಇಟ್ಟ ಹೆಸರು ಫೇರ್‌ಪ್ಲೇ, ಅಂದರೆ ನ್ಯಾಯದ ಆಟ!

ಬೀಗವಿಲ್ಲದಿದ್ದರೆ ಒಬ್ಬ ಕೊಂಡು ಲಕ್ಷ ಜನ ನೋಡುತ್ತಾರೆ, ನಿರ್ಮಾಪಕ ಬೀದಿಗೆ ಬೀಳುತ್ತಾನೆ ಎನ್ನುವವರಿದ್ದಾರೆ. ನಿರ್ಮಾಪಕನ ಆತಂಕ ಸುಳ್ಳಲ್ಲ. ಆದರೆ ಯಾರೋ ಒಬ್ಬ ಒಮ್ಮೆ ಬೀಗ ಒಡೆದರೆ ಸಾಕು, ಆಮೇಲೆ ಹರಿದಾಡುವ ಕಳ್ಳಪ್ರತಿಗಳಿಗೆ ಬೀಗವೇ ಇರುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ಇದು. ಸಿಕ್ಕಿಹಾಕಿಕೊಳ್ಳುವವನು ದುಡ್ಡು ಕೊಟ್ಟವನೇ. ಇದೇ ಆಪಲ್ 2009ರಲ್ಲಿ ತಾನು ಮಾರುವ ಹಾಡುಗಳ ಬೀಗ ತೆಗೆಯಿತು. ಹಾಡಿನ ಅಂಗಡಿ ಮುಚ್ಚಲಿಲ್ಲ. ಸಿನಿಮಾದ ಬೀಗ ಮಾತ್ರ ಹಾಗೇ ಉಳಿಯಿತು.

ಸೋನಿಯ ಕಥೆ ಇನ್ನೂ ಸ್ವಾರಸ್ಯದ್ದು. ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದದ್ದು ಈ ಕಂಪನಿಯೇ. ಆಗ ಅದು ರೆಕಾರ್ಡರ್ ಮಾರುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಅದೇ ಸೋನಿ, ಪ್ಲೇಸ್ಟೇಷನ್ ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ಅವರ ಖಾತೆಯಿಂದ ಮಾಯವಾಗಲಿವೆ ಎಂದು ಪ್ರಕಟಿಸಿತು. ಗದ್ದಲವೆದ್ದ ಮೇಲೆ ನಿರ್ಧಾರ ಹಿಂತೆಗೆದುಕೊಂಡಿತು. ಕೊಂಡ ವಸ್ತು ನಮ್ಮ ಬಳಿ ಉಳಿಯಬೇಕಾದರೆ ಹೀಗೆ ಪ್ರತಿಸಲವೂ ಗದ್ದಲ ಎಬ್ಬಿಸುತ್ತಿರಬೇಕೇ?

ನಮ್ಮ ಕಾನೂನು ಏನೆನ್ನುತ್ತದೆ? ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮುರಿದರೆ ಈ ಕಲಮು ಅಡ್ಡಬರುವುದಿಲ್ಲ. ಉದ್ದೇಶ ನೋಡುವ ಈ ವಿವೇಕ ಮೆಚ್ಚತಕ್ಕದ್ದು. ಆದರೆ ಕೊಕ್ಕೆ ಮುಂದಿದೆ: ಹಾಗೆ ಮುರಿಯಲು ಇನ್ನೊಬ್ಬರಿಗೆ ನೆರವಾಗುವವರು, ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶಗಳ ಪೂರ್ಣ ದಾಖಲೆ ಇಡಬೇಕು. ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿಯವರು ಈ ಉಸಾಬರಿಗೆ ಹೋಗುತ್ತಾರೆಯೇ? ಅದೇ ತಿದ್ದುಪಡಿ ಯಾವುದೇ ಕೃತಿಯನ್ನು ಅಂಗವಿಕಲರಿಗೆ ಒಗ್ಗುವ ರೂಪಕ್ಕೆ ಬದಲಿಸಲು ಅವಕಾಶ ಕೊಟ್ಟಿದೆ. ಕಣ್ಣು ಮಂದವಾದವರಿಗೆ ಸಬ್‌ಟೈಟಲ್ ದಪ್ಪಗೆ ಮಾಡಿಕೊಡಬೇಕಾದರೂ ಮೊದಲು ಕಡತ ತೆರೆಯಬೇಕಲ್ಲ! ಕಾನೂನು ಕೊಟ್ಟದ್ದನ್ನು ಬೀಗ ಕಸಿದುಕೊಳ್ಳುತ್ತದೆ.

ಬಾಡಿಗೆಗೆ ಕೊಟ್ಟ ಸಿನಿಮಾಕ್ಕೆ ಬೀಗ ಹಾಕಿಕೊಳ್ಳಲಿ, ತಕರಾರಿಲ್ಲ. ‘ಖರೀದಿ’ ಎಂದು ಮಾರಿದ ಮೇಲೆ ಅದನ್ನು ನಮ್ಮ ಬಳಕೆಗೆ ಬೇಕಾದ ಫಾರ್ಮ್ಯಾಟಿಗೆ ಬದಲಿಸಿಕೊಳ್ಳಲು ದಾರಿ ಬಿಡಬೇಕು. ಅಂಗಡಿ ಮುಚ್ಚುವುದಾದರೆ ಬೀಗ ತೆಗೆಯಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ಇದ್ಯಾವುದೂ ಸಾಧ್ಯವಿಲ್ಲವೆಂದರೆ ಆ ಪದವನ್ನೇ ಬಿಡಲಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ತಾವು ಕೊಡುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ ‘ಖರೀದಿ’ ಎನ್ನುವಂತಿಲ್ಲ. ದಾರಿತಪ್ಪಿಸುವ ಜಾಹೀರಾತು ತಡೆಯಲೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಲ್ಲೂ ಇದೆ. ಈ ಗುಂಡಿಯ ಮೇಲಿನ ಪದವನ್ನೂ ಅದರಡಿ ಪ್ರಶ್ನಿಸಬೇಕು. ಮಾರಿದವರು ಕೀಲಿಯನ್ನೂ ಕೊಡಲಿ. ಕೊಡಲಾಗದಿದ್ದರೆ ಮಾರಿದೆವೆಂದು ಹೇಳುವುದನ್ನು ನಿಲ್ಲಿಸಲಿ.