ಅಂಗಳದ ಅಗ್ಗಿಷ್ಟಿಕೆ

ಮುಸುಕಿನ ಜೋಳ, ಬದನೆ, ಗೆಣಸುಗಳನ್ನು ಸುಡಲು ಅಂಗಳಕ್ಕೊಂದು ಅಗ್ಗಿಷ್ಟಿಕೆಯನ್ನು ಕೊಳ್ಳುವವರು ಥಳುಕನ್ನಲ್ಲ, ತೂಕವನ್ನು ನೋಡಬೇಕೆಂಬುದು ನಮ್ಮ ಮತ. ತೆಳುತಗಡು ಕೆಂಡದ ಕಾವಿಗೆ ಬೇಗನೆ ಸೊಟ್ಟಗಾಗುವುದು. ದಪ್ಪನೆಯ ಎರಕದ ಕಬ್ಬಿಣವು ಕಾವನ್ನು ಬಹುಕಾಲ ಹಿಡಿದಿಡುವುದು. ಆದರೆ ಕಾದಾಗ ತಣ್ಣೀರು ಬಿದ್ದರೆ ಬಿರಿಯಬಹುದು. ನೂರಕ್ಕೆ 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕಿಗೆ ಬೆಲೆ ಹೆಚ್ಚು, ಆರೈಕೆ ಅಲ್ಪ. ಸತುವಿನ ಲೇಪವುಳ್ಳ ತಗಡು ಬೇಡವೇ ಬೇಡ, ಕಡುಗಾವಿಗೆ ವಿಷಧೂಮವೇಳಬಹುದು.

ಯಾವುದನ್ನು ಕೊಂಡರೂ ಬೂದಿಯನ್ನು ಅದರಲ್ಲಿ ಉಳಿಸಬಾರದು. ಅದು ತೇವವನ್ನು ಹೀರಿ ತುಕ್ಕನ್ನು ಬರಿಸುವುದು. ಪೂರ್ಣವಾಗಿ ಆರಿದ ಮೇಲೆ ತೆಗೆದು, ಕಬ್ಬಿಣಕ್ಕೆ ಎಣ್ಣೆ ಸವರಿದರೆ ಸಾಕು.

ಮಳೆ ಬಂದಿತೆಂದು ಕೆಂಡವನ್ನು ಒಳಮನೆಗೆ ತರುವುದು ಸರ್ವಥಾ ಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡೆಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ನಿದ್ದೆಯಲ್ಲಿಯೇ ಕೊಲ್ಲಬಲ್ಲದು. ಮಳೆ ನಿಲ್ಲುವವರೆಗೆ ಜೋಳವು ಕಾಯಲಿ.