ಎರಡನೇ ಭಾಗಕ್ಕೂ ವಯಸ್ಸಾಗಬೇಕು

ಮಕ್ಕಳ ಸಿನಿಮಾ ಒಂದು ಗೆದ್ದರೆ ಅದಕ್ಕೆ ಎರಡನೇ ಭಾಗ ಬಂದೇ ಬರುತ್ತದೆ, ಬಂದದ್ದು ಮೊದಲಿನಷ್ಟು ಚೆನ್ನಾಗಿರುವುದಿಲ್ಲ. ಇದು ನಮ್ಮಲ್ಲಿ ಹೆಚ್ಚಿನ ಅಪ್ಪ ಅಮ್ಮಂದಿರ ತೀರ್ಮಾನ. ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗು ಎಂದು ಸಾವಿರಗಟ್ಟಲೆ ತೆತ್ತು ಬಂದವರ ಬೇಸರವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೂ ನಾನು ಅದನ್ನು ಪೂರ್ತಿ ಒಪ್ಪಲಾರೆ. ಅನಿಮೇಷನ್ ಚಿತ್ರಗಳಲ್ಲಿ ಮೊದಲನೆಯದನ್ನೇ ಮೀರಿಸಿದ ಎರಡನೆಯವು, ಮೂರನೆಯವು ಇವೆ. ಅವು ಹೇಗೆ ಗೆದ್ದವು, ಮಿಕ್ಕವು ಯಾಕೆ ಸೊರಗಿದವು ಎಂದು ನೋಡುತ್ತ ಹೋದಾಗಲೆಲ್ಲ ನನಗೆ ಎದುರಾಗುವುದು ಒಂದೇ ಕಾರಣ. ಗೆದ್ದ ಚಿತ್ರಗಳಲ್ಲಿ ಕಾಲ ಸರಿದಿದೆ. ಮಗು ದೊಡ್ಡದಾಗಿದೆ, ಅಪ್ಪ ತೀರಿಕೊಂಡಿದ್ದಾನೆ, ಗೊಂಬೆಯ ಬಣ್ಣ ಮಾಸಿದೆ. ಸೋತವುಗಳಲ್ಲಿ ಎಲ್ಲರೂ ಮೊದಲ ಭಾಗದ ಕೊನೆಗೆ ಹೇಗೆ ನಗುತ್ತ ನಿಂತಿದ್ದರೋ ಹಾಗೇ ನಿಂತಿರುತ್ತಾರೆ. ಅವರ ಸುತ್ತ ಹೊಸ ಖಳ, ಹೊಸ ಊರು, ಹೊಸ ಹಾಡು ಬಂದು ಹೋಗುತ್ತವೆ, ಅಷ್ಟೆ.

‘ಟಾಯ್ ಸ್ಟೋರಿ’ಯಿಂದಲೇ ಶುರುಮಾಡಬೇಕು. 1995ರ ಆ ಚಿತ್ರ ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ತಯಾರಾದ ಜಗತ್ತಿನ ಮೊದಲ ಕಥಾಚಿತ್ರ. ಕತೆ ಹೊಟ್ಟೆಕಿಚ್ಚಿನದು. ಆಂಡಿ ಎಂಬ ಹುಡುಗನ ಅಚ್ಚುಮೆಚ್ಚಿನ ಕೌಬಾಯ್ ಗೊಂಬೆ ವುಡಿ, ಹೊಸದಾಗಿ ಬಂದ ಬಜ್ ಎಂಬ ಗಗನಯಾತ್ರಿ ಗೊಂಬೆಯನ್ನು ಕಂಡು ಉರಿದುಬೀಳುತ್ತದೆ, ಕೊನೆಗೆ ಗೆಳೆತನವಾಗುತ್ತದೆ. ಅದರ ಎರಡನೇ ಭಾಗವನ್ನು ಮೊದಲಿಗೆ ಯೋಚಿಸಿದ್ದು ಥಿಯೇಟರಿಗಲ್ಲ, ವಿಡಿಯೊ ಕ್ಯಾಸೆಟ್ಟಿಗೆ. 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಕಮಾಂಡಿನಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು, ಬ್ಯಾಕಪ್ಪೂ ಕೈಕೊಟ್ಟಿತು. ಮಗು ಹುಟ್ಟಿದ್ದರಿಂದ ಮನೆಯಲ್ಲೂ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಅದು ಉಳಿಯಿತು. ಈ ಪ್ರಸಂಗವನ್ನು ಸಿನಿಮಾ ಮಂದಿ ಮತ್ತೆ ಮತ್ತೆ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ನಡೆದದ್ದು. ಅಷ್ಟು ಕಷ್ಟದಿಂದ ಉಳಿಸಿಕೊಂಡ ಚಿತ್ರ ಚೆನ್ನಾಗಿಲ್ಲ ಎಂದು ಅದನ್ನು ತಯಾರಿಸುತ್ತಿದ್ದ ಪಿಕ್ಸಾರ್‌ನವರೇ ತೀರ್ಮಾನಿಸಿದರು. ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳು ಉಳಿದಿರುವಾಗ ಕತೆಯನ್ನು ಹೊಸದಾಗಿ ಕಟ್ಟಿದರು. ಹಗಲು ರಾತ್ರಿ ದುಡಿದು ಎಷ್ಟೋ ಜನರ ಕೈನರಗಳಿಗೆ ಪೆಟ್ಟಾಯಿತು. ಆ ದುಡಿಮೆಯನ್ನು ನಾನು ಹೊಗಳುವುದಿಲ್ಲ, ಒಂದು ಸಿನಿಮಾಕ್ಕಾಗಿ ಯಾರ ಮೈಯೂ ಹಾಳಾಗಬಾರದು. ಆದರೆ ಕತೆ ಸರಿಯಿಲ್ಲ ಎಂದು ಒಪ್ಪಿಕೊಂಡ ಆ ಮನಸ್ಸು ಮಾತ್ರ ಇವತ್ತು ಅಪರೂಪ.

ಹೊಸದಾಗಿ ಕಟ್ಟಿದ ಕತೆಯಲ್ಲಿ ವುಡಿಯ ಮುಂದೆ ಎರಡು ದಾರಿಗಳಿವೆ. ಟೋಕಿಯೊದ ಆಟಿಕೆ ಮ್ಯೂಸಿಯಮ್ಮಿಗೆ ಹೋದರೆ ಗಾಜಿನ ಪೆಟ್ಟಿಗೆಯೊಳಗೆ ಎಂದೆಂದಿಗೂ ಹೊಸದಾಗಿ ಉಳಿಯಬಹುದು. ಆಂಡಿಯ ಬಳಿಗೆ ಮರಳಿದರೆ ಇನ್ನೊಂದಷ್ಟು ವರ್ಷ ಆಡಿಸಿಕೊಳ್ಳಬಹುದು, ಆಮೇಲೆ ಆಂಡಿ ಬೆಳೆದು ಮರೆತುಬಿಡುತ್ತಾನೆ. ಚಿತ್ರದ ನಡುವೆ ಗೊಂಬೆ ರಿಪೇರಿಯ ಮುದುಕನೊಬ್ಬ ಬರುತ್ತಾನೆ. ವುಡಿಯ ಕಣ್ಣು ಒರೆಸುತ್ತಾನೆ, ಹರಿದ ತೋಳು ಹೊಲಿಯುತ್ತಾನೆ, ಕೆನ್ನೆಗೆ ಬಣ್ಣ ಹಚ್ಚುತ್ತಾನೆ. ಕೊನೆಗೆ ಬೂಟಿನ ಅಡಿಯಲ್ಲಿ ಆಂಡಿ ಎಳೆಗೈಯಲ್ಲಿ ಬರೆದಿದ್ದ ತನ್ನ ಹೆಸರಿನ ಮೇಲೂ ಬಣ್ಣ ಬಳಿದುಬಿಡುತ್ತಾನೆ. ನೋಡುವವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ, ಮಾತೇ ಬೇಕಾಗುವುದಿಲ್ಲ. ಆಮೇಲೆ ವುಡಿ ಆ ಬಣ್ಣವನ್ನು ತಾನೇ ಕೆರೆದು ತೆಗೆಯುತ್ತದೆ. ಆಂಡಿ ಬೆಳೆಯುತ್ತಾನೆಂದು ತಿಳಿದೂ ಅವನನ್ನೇ ಆರಿಸಿಕೊಳ್ಳುತ್ತದೆ.

ಇದೇ ಚಿತ್ರದಲ್ಲಿ ಜೆಸ್ಸಿ ಎಂಬ ಗೊಂಬೆಯ ಹಿಂದಿನ ಬದುಕು ಒಂದು ಹಾಡಿನ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಅವಳನ್ನು ಬಿಟ್ಟಿರದ ಹುಡುಗಿಯ ಕೋಣೆಯಲ್ಲಿ ಒಂದೊಂದೇ ಸಾಮಾನು ಬದಲಾಗುತ್ತದೆ, ಗೊಂಬೆಗಳಿದ್ದ ಕಡೆ ನೇಲ್ ಪಾಲಿಷ್ ಬರುತ್ತದೆ, ಜೆಸ್ಸಿ ಮಂಚದ ಕೆಳಗೆ ಬಿದ್ದು ಧೂಳು ತಿನ್ನುತ್ತಾಳೆ. ವರ್ಷಗಳಾದ ಮೇಲೆ ಮತ್ತೆ ಆ ಕೈ ಬಂದು ಎತ್ತಿಕೊಳ್ಳುತ್ತದೆ, ಕಾರಿನಲ್ಲಿ ಕರೆದೊಯ್ಯುತ್ತದೆ. ಒಯ್ದದ್ದು ರಸ್ತೆ ಬದಿ ದಾನಕ್ಕೆ ಕೊಡುವ ಪೆಟ್ಟಿಗೆಯಲ್ಲಿ ಬಿಟ್ಟುಬರಲು. ಮೊದಲ ‘ಟಾಯ್ ಸ್ಟೋರಿ’ಯಲ್ಲಿ ಇಷ್ಟು ಆಳದ ಒಂದು ದೃಶ್ಯವೂ ಇಲ್ಲ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಮೂರನೆಯದು ಬಂದದ್ದು 2010ರಲ್ಲಿ. ಅಷ್ಟರಲ್ಲಿ ಆಂಡಿಗೆ ಹದಿನೇಳು, ಕಾಲೇಜಿಗೆ ಹೊರಟಿದ್ದಾನೆ. ಮೊದಲನೆಯದನ್ನು ಮಕ್ಕಳಾಗಿ ನೋಡಿದವರೂ ಕಾಲೇಜಿಗೆ ಬಂದಿದ್ದರು. ಕೊನೆಯಲ್ಲಿ ಅವನು ತನ್ನ ಗೊಂಬೆಗಳನ್ನೆಲ್ಲ ಬಾನಿ ಎಂಬ ಪುಟ್ಟ ಹುಡುಗಿಗೆ ಒಂದೊಂದಾಗಿ ಪರಿಚಯಿಸಿ ಕೊಡುತ್ತಾನೆ. ಪೆಟ್ಟಿಗೆಯ ತಳದಲ್ಲಿ ವುಡಿಯೂ ಇದೆ, ಅದನ್ನು ಕೊಡುವ ಯೋಚನೆ ಅವನಿಗಿರಲಿಲ್ಲ. ಬಾನಿ ಕೈ ಚಾಚಿದಾಗ ಅವನಿಗೇ ತಿಳಿಯದಂತೆ ಅವನ ಕೈ ವುಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಬ್ಬಬ್ಬಾ ಎಂದರೆ ಒಂದೆರಡು ಕ್ಷಣ. ಆ ಒಂದೆರಡು ಕ್ಷಣಗಳ ಹಿಂದೆ ಹದಿನೈದು ವರ್ಷಗಳಿವೆ, ಒಂದೇ ಸಿನಿಮಾಕ್ಕೆ ಅದನ್ನು ಗಳಿಸಲು ಬರುವುದಿಲ್ಲ. ಎರಡನೆಯ, ಮೂರನೆಯ ಭಾಗಗಳಿಗೆ ಮಾತ್ರ ದಕ್ಕುವ ಸಂಪತ್ತು ಅದು. ಸೀಕ್ವೆಲ್ ಎಂದ ಕೂಡಲೇ ಮೂಗು ಮುರಿಯುವವರು ಮರೆಯುವುದು ಇದನ್ನೇ.

2019ರ ನಾಲ್ಕನೆಯದನ್ನು ನಾನು ಇಷ್ಟೇ ಪ್ರೀತಿಯಿಂದ ಒಪ್ಪಲಾರೆ. ಅದಕ್ಕೂ ಆಸ್ಕರ್ ಬಂತು, ಚಿತ್ರಣವೂ ಸೊಗಸು. ಆದರೆ ಆಂಡಿ ಅಷ್ಟು ನೋವಿನಿಂದ ಕೊಟ್ಟ ವುಡಿಯನ್ನು ಬಾನಿ ಕಪಾಟಿನಲ್ಲಿ ಬಿಟ್ಟಿದ್ದಾಳೆ ಎಂದು ಆರಂಭದಲ್ಲೇ ಹೇಳುವುದು ಹಿಂದಿನ ಚಿತ್ರದ ಮುಕ್ತಾಯವನ್ನು ಕಿತ್ತು ನೋಡಿದಂತಾಯಿತು. ಮುಗಿದ ಕತೆಯನ್ನು ಮುಗಿಯಲು ಬಿಡಬೇಕಿತ್ತು.

ಕಾಲ ಸರಿಯುವ ಕತೆ ನಮಗೇನೂ ಹೊಸದಲ್ಲ. ಕುಮಾರವ್ಯಾಸ ಗದಾಯುದ್ಧದವರೆಗಿನ ಹತ್ತು ಪರ್ವಗಳನ್ನು ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿಮಾಡಿದ. ಆ ಉಳಿದ ಪರ್ವಗಳಲ್ಲಿ ಇರುವುದೇನು? ಗೆದ್ದವರ ಪಶ್ಚಾತ್ತಾಪ, ಕುರುಡು ದೊರೆಯ ಮುಪ್ಪು, ಯಾದವರ ನಾಶ, ಪಾಂಡವರ ಮಹಾಪ್ರಸ್ಥಾನ. ಗೆಲುವಾದ ಮೇಲೂ ಬದುಕು ಇದೆ, ಅದರಲ್ಲಿ ಕಳೆದುಕೊಳ್ಳುವುದಿದೆ ಎಂದು ಮಹಾಭಾರತಕ್ಕೆ ಗೊತ್ತಿತ್ತು.

ಡಿಸ್ನಿಗೆ ಒಂದು ಕಾಲದಲ್ಲಿ ಇದು ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ. 1994ರ ‘ದಿ ರಿಟರ್ನ್ ಆಫ್ ಜಾಫರ್’ನಿಂದ ಹಿಡಿದು ಹತ್ತು ಹನ್ನೆರಡು ವರ್ಷ ತನ್ನ ಹೆಸರಾಂತ ಚಿತ್ರಗಳಿಗೆ ಕಡಿಮೆ ಖರ್ಚಿನಲ್ಲಿ ಎರಡನೇ ಭಾಗ ಮಾಡಿ ಕ್ಯಾಸೆಟ್ಟಿನಲ್ಲಿ, ಡಿವಿಡಿಯಲ್ಲಿ ಮಾರಿತು. ‘ಅಲಾದೀನ್’ನಲ್ಲಿ ಜಿನಿಯ ದನಿಯಾಗಿ ಜೀವ ತುಂಬಿದ ರಾಬಿನ್ ವಿಲಿಯಮ್ಸ್ ಅದರ ಎರಡನೇ ಭಾಗವಾದ ಜಾಫರ್ ಚಿತ್ರಕ್ಕೆ ಬರಲೇ ಇಲ್ಲ, ಜಿನಿಗೆ ಬೇರೊಬ್ಬರು ದನಿ ಕೊಟ್ಟರು. 2002ರ ‘ಸಿಂಡ್ರೆಲಾ 2’ ಮೂರು ಬಿಡಿಕತೆಗಳಿಗೆ ಹೊಲಿಗೆ ಹಾಕಿದ ಸಿನಿಮಾ. 1942ರ ‘ಬ್ಯಾಂಬಿ’ಗೆ 2006ರಲ್ಲಿ ಎರಡನೆಯದು ಬಂತು. ನಡುವೆ ಅರವತ್ನಾಲ್ಕು ವರ್ಷ ಕಳೆದಿದ್ದರೂ ಬ್ಯಾಂಬಿ ಮಾತ್ರ ಮರಿಯಾಗಿಯೇ ಇತ್ತು. ಪಿಕ್ಸಾರ್ ಡಿಸ್ನಿಯ ಪಾಲಾದ ಮೇಲೆ ‘ಟಾಯ್ ಸ್ಟೋರಿ’ಯ ನಿರ್ದೇಶಕ ಜಾನ್ ಲ್ಯಾಸೆಟರ್ 2007ರಲ್ಲಿ ಈ ವ್ಯಾಪಾರಕ್ಕೆ ತೆರೆ ಎಳೆದರು.

ಅದೇ ಲ್ಯಾಸೆಟರ್ 2011ರಲ್ಲಿ ತಾವೇ ‘ಕಾರ್ಸ್ 2’ ನಿರ್ದೇಶಿಸಿದರು ಎಂಬುದು ನನಗೆ ಇವತ್ತಿಗೂ ಅರಗದ ವಿಷಯ. ಹಳ್ಳಿಯೊಂದರ ಸೊರಗಿದ ಹೆದ್ದಾರಿಯ ಕತೆ ಹೇಳಿದ ಮೊದಲ ಚಿತ್ರ ಎಲ್ಲಿ, ಗೂಢಚಾರಿಕೆಯ ಗದ್ದಲದ ಇದೆಲ್ಲಿ. ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಶುರುವಾದ ಮೇಲೆ ನಾಮನಿರ್ದೇಶನವೂ ಸಿಗದ ಮೊದಲ ಪಿಕ್ಸಾರ್ ಸಿನಿಮಾ ಅದು. ಆರು ವರ್ಷದ ಮೇಲೆ ಮೂರನೆಯ ‘ಕಾರ್ಸ್’ನಲ್ಲಿ ನಾಯಕ ಕಾರು ಮೆಕ್ವೀನ್‌ಗೆ ವಯಸ್ಸಾಗಿದೆ, ಹೊಸ ಕಾರುಗಳ ವೇಗಕ್ಕೆ ಏಗಲಾಗದೆ ಕೊನೆಗೆ ಎಳೆಯಳೊಬ್ಬಳಿಗೆ ಗುರುವಾಗುತ್ತಾನೆ. ಚಿತ್ರಕ್ಕೆ ಮತ್ತೆ ಉಸಿರು ಬಂದದ್ದು ಅಲ್ಲಿ.

ಬ್ರಾಡ್ ಬರ್ಡ್ ಅವರಂಥ ಪ್ರತಿಭಾವಂತರೂ ‘ದಿ ಇನ್‌ಕ್ರೆಡಿಬಲ್ಸ್’ ಆಗಿ ಹದಿನಾಲ್ಕು ವರ್ಷಗಳ ಮೇಲೆ, 2018ರಲ್ಲಿ, ಎರಡನೆಯದನ್ನು ತಂದಾಗ ಕತೆಯನ್ನು ಮೊದಲನೆಯದು ಮುಗಿದ ನಿಮಿಷಕ್ಕೇ ಹೊಲಿದರು. ಅಮ್ಮ ಕೆಲಸಕ್ಕೆ ಹೋಗಿ ಅಪ್ಪ ಮನೆ ನೋಡಿಕೊಳ್ಳುವ ಭಾಗ ಚೆನ್ನಾಗಿದೆ, ಕೈಗೂಸು ರಕೂನಿನ ಜೊತೆ ಜಗಳಕ್ಕೆ ಬೀಳುವುದಂತೂ ಎಷ್ಟು ಸಲ ನೋಡಿದರೂ ನಗು. ಆದರೆ ಆ ಮನೆಯ ಹದಿಹರೆಯದ ಹುಡುಗಿ ಹದಿನಾಲ್ಕು ವರ್ಷದಲ್ಲಿ ಏನಾಗಿರಬಹುದು ಎಂದು ಕಾದವರಿಗೆ ಉತ್ತರ ಸಿಗಲಿಲ್ಲ.

ಇದಕ್ಕೆ ಎದುರಾಗಿ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಇಡಬೇಕು. ಡ್ರೀಮ್‌ವರ್ಕ್ಸ್‌ನ ಆ ಮೂರು ಚಿತ್ರಗಳು 2010, 2014, 2019ರಲ್ಲಿ ಬಂದವು. ಮೊದಲನೆಯದರಲ್ಲೇ ನಾಯಕ ಹುಡುಗ ಹಿಕಪ್ ಒಂದು ಕಾಲು ಕಳೆದುಕೊಳ್ಳುತ್ತಾನೆ. ಎರಡನೆಯದು ಐದು ವರ್ಷಗಳ ಮೇಲೆ ತೆರೆದುಕೊಳ್ಳುತ್ತದೆ. ಸತ್ತಳೆಂದುಕೊಂಡಿದ್ದ ತಾಯಿ ಸಿಗುತ್ತಾಳೆ, ಅಪ್ಪ ಅಮ್ಮ ಮತ್ತೆ ಒಂದಾಗುತ್ತಾರೆ, ಅಷ್ಟರಲ್ಲೇ ಅಪ್ಪ ಸಾಯುತ್ತಾನೆ. ಅದೂ ಹಿಕಪ್‌ನ ಪ್ರಾಣದ ಗೆಳೆಯನಾದ ಡ್ರ್ಯಾಗನ್‌ನಿಂದಲೇ, ಇನ್ನೊಬ್ಬರ ಹಿಡಿತದಲ್ಲಿದ್ದಾಗ. ಅಪ್ಪನನ್ನು ಕೊಂದ ಗೆಳೆಯನನ್ನು ಹುಡುಗ ಮತ್ತೆ ಮುಟ್ಟಬಲ್ಲನೇ? ಮಕ್ಕಳ ಚಿತ್ರ ಎಂದು ಬದಿಗಿಡುವಂಥ ಪ್ರಶ್ನೆಯಲ್ಲ ಇದು. ಮೂರನೆಯದರಲ್ಲಿ ಡ್ರ್ಯಾಗನ್‌ಗಳು ಬಿಟ್ಟು ಹೋಗುತ್ತವೆ, ಹಿಕಪ್ ಮಕ್ಕಳ ತಂದೆಯಾಗುತ್ತಾನೆ.

ಸ್ಟುಡಿಯೊಗಳು ಎರಡನೇ ಭಾಗಗಳಿಗೆ ಇಷ್ಟು ಜೋತುಬೀಳಲು ಕಾರಣ ದುಡ್ಡು, ಅದನ್ನು ಬಿಡಿಸಿ ಹೇಳಬೇಕಿಲ್ಲ. ಕೋವಿಡ್ ಕಾಲದಲ್ಲಿ ‘ಸೋಲ್’, ‘ಲೂಕಾ’, ‘ಟರ್ನಿಂಗ್ ರೆಡ್’ ಎಂಬ ಸ್ವತಂತ್ರ ಕತೆಗಳನ್ನು ಪಿಕ್ಸಾರ್ ನೇರ ಒಟಿಟಿಗೆ ಕೊಟ್ಟಿತು. ಹೊಸ ಕತೆ ಮನೆಯಲ್ಲೇ ಸಿಗುತ್ತದೆ ಎಂಬ ಅಭ್ಯಾಸ ಕುಟುಂಬಗಳಿಗೆ ಆಯಿತು. ಹಾಗಾಗಿಯೋ ಏನೋ, 2025ರಲ್ಲಿ ‘ಎಲಿಯೊ’ ಎಂಬ ಹೊಸ ಕತೆ ಥಿಯೇಟರಿನಲ್ಲಿ ಮಕಾಡೆ ಬಿತ್ತು. ಅದರ ಹಿಂದಿನ ವರ್ಷ ‘ಇನ್‌ಸೈಡ್ ಔಟ್ 2’ 160 ಕೋಟಿ ಡಾಲರ್ ಮೀರಿ ಗಳಿಸಿ ಆ ವರ್ಷದ ಜಗತ್ತಿನ ಅತಿ ದೊಡ್ಡ ಗಳಿಕೆಯ ಚಿತ್ರವಾಗಿತ್ತು.

ಆ ದುಡ್ಡು ನ್ಯಾಯವಾಗಿಯೇ ಬಂತು ಎನ್ನುತ್ತೇನೆ. 2015ರ ಮೊದಲ ಚಿತ್ರದಲ್ಲಿ ಹನ್ನೊಂದರ ಹುಡುಗಿ ರೈಲಿಯ ತಲೆಯೊಳಗೆ ಖುಷಿ, ದುಃಖ, ಸಿಟ್ಟು, ಭಯ, ಅಸಹ್ಯಗಳು ಪಾತ್ರಗಳಾಗಿದ್ದವು. ಎರಡನೆಯದರಲ್ಲಿ ರೈಲಿಗೆ ಹದಿಮೂರು, ಆತಂಕ ಎಂಬ ಹೊಸ ಪಾತ್ರ ಬಂದು ಎಲ್ಲರನ್ನೂ ಹೊರಗಟ್ಟುತ್ತದೆ. ಹಳೆಯ ಭಾವಗಳು ಮತ್ತೆ ದಾರಿ ಹುಡುಕಿಕೊಂಡು ಮರಳುವ ಕಟ್ಟು ಮೊದಲನೆಯದರದ್ದೇ, ಅದು ಕೊರತೆ ಹೌದು. ಆದರೆ ಹಾಕಿ ಆಟದ ನಡುವೆ ಶಿಕ್ಷೆಗೆಂದು ಹೊರಗೆ ಕೂತ ರೈಲಿಯ ಎದೆ ಹೊಡೆದುಕೊಳ್ಳತೊಡಗಿ, ಒಳಗೆ ಆತಂಕ ಸುಂಟರಗಾಳಿಯಂತೆ ಸುತ್ತುತ್ತ, ನಡುವೆ ತಾನೇ ಕಣ್ಣೀರು ತುಂಬಿಕೊಂಡು ಅಲುಗದೆ ನಿಂತಿರುವ ದೃಶ್ಯ ಮೊದಲ ಚಿತ್ರದಲ್ಲಿ ಸಾಧ್ಯವೇ ಇರಲಿಲ್ಲ. ಆ ವಯಸ್ಸು ಬಂದಿರಲಿಲ್ಲ. ಸಿನಿಮಾ ಮುಗಿಸಿ ಹೊರಬರುವಾಗ ನನ್ನ ಅಕ್ಕನ ಮಗಳು, ಎಂಟನೇ ಕ್ಲಾಸು, ಮನೆಯಲ್ಲಿ ಮಾತೇ ಆಡದವಳು, “ಚಿಕ್ಕಮ್ಮ, ಟೆಸ್ಟ್ ಹಿಂದಿನ ರಾತ್ರಿ ನಂಗೂ ಹೀಗೇ ಆಗತ್ತೆ” ಎಂದಳು. ಅವಳಮ್ಮನಿಗೆ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲ.

ಅದೇ ವರ್ಷದ ‘ಮೊಆನಾ 2’ ಕೂಡ 100 ಕೋಟಿ ಡಾಲರ್ ದಾಟಿತು. ಒಟಿಟಿ ಸರಣಿಗೆಂದು ಶುರುವಾಗಿ ನಡುವೆ ಸಿನಿಮಾ ಆದದ್ದು ಅದು, ಆ ಹೊಲಿಗೆಗಳು ಕಾಣುತ್ತವೆ. ದೋಣಿಯಲ್ಲಿ ಹೊಸದಾಗಿ ಬಂದು ಕೂತ ಮೂವರ ಹೆಸರು ಚಿತ್ರ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಮೊಆನಾಗೆ ವರ್ಷಗಳು ಕಳೆದಿವೆ, ಒಬ್ಬ ಪುಟ್ಟ ತಂಗಿಯೂ ಇದ್ದಾಳೆ. ಆ ತಂಗಿಯನ್ನು ಬಿಟ್ಟು ಹೊರಡುವ ನೋವಿನಲ್ಲೇ ಒಂದು ಒಳ್ಳೆಯ ಕತೆಯಿತ್ತು. ಚಿತ್ರ ಅದನ್ನು ಎರಡು ದೃಶ್ಯಗಳಲ್ಲಿ ಮುಗಿಸಿ ಕಡಲಿಗೆ ಓಡಿತು.

ಈ ಪ್ರಶ್ನೆ ಈಗ ನಮ್ಮ ಮನೆಬಾಗಿಲಿಗೂ ಬಂದಿದೆ. ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ್ ನರಸಿಂಹ’ 2025ರ ಜುಲೈನಲ್ಲಿ ಕನ್ನಡದಲ್ಲೂ ತೆರೆಕಂಡು ಭಾರತದ ಅನಿಮೇಷನ್ ಚಿತ್ರಗಳಲ್ಲೇ ದೊಡ್ಡ ಗೆಲುವು ಕಂಡಿತು. ಮುಂದಿನ ಚಿತ್ರಗಳ ಪಟ್ಟಿಯನ್ನೂ ಅವರು ಘೋಷಿಸಿದ್ದಾರೆ, 2027ಕ್ಕೆ ಪರಶುರಾಮನಿಂದ ಹಿಡಿದು 2037ರ ಕಲ್ಕಿಯವರೆಗೆ ಎರಡು ವರ್ಷಕ್ಕೊಂದು. ಹಿಂದೆ 2005ರ ‘ಹನುಮಾನ್’ ಗೆದ್ದಾಗ 2007ರಲ್ಲಿ ‘ರಿಟರ್ನ್ ಆಫ್ ಹನುಮಾನ್’ ಬಂದು, ಹನುಮನನ್ನು ಈ ಕಾಲದ ಶಾಲೆಗೆ ಹೋಗುವ ಹುಡುಗನನ್ನಾಗಿ ಮಾಡಿ, ಮೊದಲನೆಯದರ ಭಕ್ತಿಯನ್ನೂ ಬಿಟ್ಟು ಹೊಸ ಕತೆಯನ್ನೂ ಕಟ್ಟಲಾಗದೆ ಹೋಯಿತು. ಅವತಾರಗಳ ಸರಣಿಗೆ ಆ ತೊಂದರೆ ಇಲ್ಲ, ಪ್ರತಿ ಭಾಗಕ್ಕೂ ಬೇರೆಯೇ ಕತೆಯಿದೆ. ಪ್ರಹ್ಲಾದ ಇಲ್ಲಿ ಬೆಳೆದು ಮುಂದಿನ ಭಾಗಕ್ಕೆ ಬರುವುದಿಲ್ಲ. ಬೆಳೆಯುವವನು ನೋಡುವ ಹುಡುಗ. ಎಂಟನೇ ವಯಸ್ಸಿಗೆ ನರಸಿಂಹನನ್ನು ಕಂಡವನಿಗೆ ಪರಶುರಾಮ ಬರುವಾಗ ಹತ್ತು, ಕಲ್ಕಿ ಮುಗಿಯುವಾಗ ಇಪ್ಪತ್ತು.

ಪರಶುರಾಮನ ಕತೆ ಅಂದರೆ ರೇಣುಕೆಯ ಕತೆ. ಅಪ್ಪನ ಮಾತಿಗೆ ಮಗ ತಾಯಿಯ ತಲೆ ಕಡಿಯುವ ಕತೆ. ಸವದತ್ತಿಯ ಗುಡ್ಡಕ್ಕೆ ಹುಣ್ಣಿಮೆಗೆ ನಡೆದು ಹೋಗುವ ಲಕ್ಷಾಂತರ ಜನರಿಗೆ ಅವಳು ಯಲ್ಲಮ್ಮ, ತಾಯಿ. ಅವರು ಕೈಮುಗಿಯುವುದು ಕೊಡಲಿಗಲ್ಲ, ಅವಳಿಗೆ. ಹತ್ತು ವರ್ಷದ ಮಗುವಿಗೆ ಅದನ್ನು ಹೇಗೆ ಹೇಳುತ್ತಾರೆ ಎನ್ನುವುದರ ಮೇಲೆ ಇಡೀ ಸರಣಿ ನಿಂತಿದೆ. ವರ ಕೇಳಿ ಬದುಕಿಸಿಕೊಂಡ ಎಂದು ಎರಡು ನಿಮಿಷದಲ್ಲಿ ದಾಟಿಸಿ ಕ್ಷತ್ರಿಯರ ಮೇಲಿನ ಯುದ್ಧಕ್ಕೆ ನುಗ್ಗಿದರೆ ಅದು ನರಸಿಂಹನ ಅಬ್ಬರದ್ದೇ ಇನ್ನೊಂದು ಪ್ರತಿ. ಎದ್ದು ಕೂತ ತಾಯಿ ಮಗನ ಮುಖವನ್ನು ಹೇಗೆ ನೋಡಿದಳು, ಮಗ ಅವಳ ಕಣ್ಣಿಗೆ ಕಣ್ಣು ಕೊಟ್ಟನೇ ಎಂದು ಒಂದು ದೃಶ್ಯದ ಮಟ್ಟಿಗಾದರೂ ನಿಂತು ಕೇಳುವ ಧೈರ್ಯ ಹೊಂಬಾಳೆಯವರಿಗೆ ಇದ್ದರೆ, ನಾನು ಆ ಚಿತ್ರಕ್ಕೆ ಮೊದಲ ದಿನವೇ ಟಿಕೆಟ್ ಕೊಂಡು ಮನೆಯ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತೇನೆ.