ಹಿಮನದಿಯಡಿಯ ಕೆಸರು, ಹುಲಿಕಲ್ಲಿನ ಧರೆ

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಹುಲಿಕಲ್ ಘಾಟಿಯಲ್ಲಿ ಸಾಗುವವರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಪಕ್ಕದ ಧರೆಯ ಮೇಲಿರುತ್ತದೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು ಹುಲಿಕಲ್. ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗದ ಮಣ್ಣು ಆಗ ಏಕೆ ಜಾರುತ್ತದೆ? ಹಿಮನದಿಯ ತಳದಲ್ಲಿ ಇದಕ್ಕೊಂದು ಉತ್ತರವಿದೆ.

ಹಿಮನದಿ ಚಲಿಸುತ್ತ ತಳದ ಬಂಡೆಯನ್ನು ಕೀಳುತ್ತದೆ, ಉಜ್ಜಿ ಅರೆಯುತ್ತದೆ. ಹಿಟ್ಟಿನಂಥ ನುಣುಪು ಪುಡಿಯಿಂದ ಹೆಬ್ಬಂಡೆಯವರೆಗೆ ಎಲ್ಲ ಕಲಸಿಹೋದ ರಾಡಿ ಅಡಿಯಲ್ಲಿ ಸೇರುತ್ತದೆ. ಭೂಮಿಯ ಶಾಖಕ್ಕೆ, ತಿಕ್ಕಾಟದ ಬಿಸಿಗೆ ಕರಗಿದ ನೀರು ಕಣಗಳ ನಡುವೆ ತುಂಬುತ್ತದೆ. ಹೊರಹೋಗಲು ದಾರಿ ಸಾಲದಿದ್ದರೆ ಮೇಲಿನ ಭಾರವನ್ನು ಆ ನೀರೇ ಹೊರುತ್ತದೆ; ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿ ಸಡಿಲಾಗುತ್ತದೆ. 1986ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಹಿಮಪ್ರವಾಹವೊಂದರ ಅಡಿಯಲ್ಲಿ ವಿಜ್ಞಾನಿಗಳು ಕೆಲವೇ ಮೀಟರ್ ದಪ್ಪದ ಇಂಥ ನೀರುಂಡ ಪದರವನ್ನು ಗುರುತಿಸಿದರು. ಅದರ ಮೇಲೆ ಸುಮಾರು 1 ಕಿ.ಮೀ. ದಪ್ಪದ ಮಂಜು ವರ್ಷಕ್ಕೆ ನೂರಾರು ಮೀಟರ್ ಸಾಗುತ್ತಿತ್ತು! ನೀರು ಬಸಿದುಹೋದರೆ ಅದೇ ಕೆಸರು ಬಿಗಿದುಕೊಂಡು ಮಂಜನ್ನು ತಡೆಯುತ್ತದೆ.

ಹುಲಿಕಲ್ಲಿನ ಮಣ್ಣು ಹಿಮ ಅರೆದದ್ದಲ್ಲ, ಮಳೆ ಬಿಸಿಲಿಗೆ ಬಂಡೆ ಶಿಥಿಲವಾಗಿ ಆದದ್ದು. ನೀರಿನ ಒತ್ತಡದ ನಿಯಮ ಮಾತ್ರ ಒಂದೇ. ಆದ್ದರಿಂದ ಘಾಟಿಗೆ ತಡೆಗೋಡೆಯಷ್ಟೇ ಸಾಲದೆಂದು ಒತ್ತಿ ಹೇಳುತ್ತೇವೆ. ಹಿಂದೆ ನಿಂತ ನೀರು ಗೋಡೆಯನ್ನೇ ದೂಡುತ್ತದೆ. ತೋಟಕ್ಕೆ ಬಸಿಗಾಲುವೆ ತೆಗೆಯುವ ಇಲ್ಲಿನ ಅಡಿಕೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಗೋಡೆಯಲ್ಲಿ ನೀರು ಬಸಿಯುವ ತೂತುಗಳಿರಬೇಕು. ಧರೆಯ ನೆತ್ತಿಯ ಕಾಲುವೆ, ರಸ್ತೆ ಬದಿಯ ಚರಂಡಿಗಳ ಹೂಳು ಮೇ ಮುಗಿಯುವುದರೊಳಗೆ ತೆಗೆದಾಗಿರಬೇಕು.